ಸ್ನಾಯುಗಳನ್ನು ತೋರಿಸುವ ಧ್ವನಿ: ಫಿಜಿಯೋಥೆರಪಿಸ್ಟರ ಕೈಗೆ ಅಲ್ಟ್ರಾಸೌಂಡ್ ಸ್ಕ್ಯಾನರ್

ಮಂಡಿನೋವು, ಭುಜದ ನೋವು ಎಂದು ಫಿಜಿಯೋಥೆರಪಿ ಕೇಂದ್ರಕ್ಕೆ ಹೋಗಿಬಂದವರು ‘ಹತ್ತು ದಿನ ಅಲ್ಟ್ರಾಸೌಂಡ್ ಕೊಟ್ಟರು’ ಎಂದು ಹೇಳುವುದನ್ನು ನೀವು ಕೇಳಿರಬಹುದು. ಗರ್ಭಿಣಿಯರ ತಪಾಸಣೆಗೆ ಹೋದವರೂ ‘ಅಲ್ಟ್ರಾಸೌಂಡ್ ಮಾಡಿಸಿದೆವು’ ಎನ್ನುತ್ತಾರೆ. ಎರಡಕ್ಕೂ ಹೆಸರು ಒಂದೇ, ಚರ್ಮದ ಮೇಲೆ ಸವರುವ ಜೆಲ್ ಕೂಡ ಒಂದೇ ಬಗೆಯದು. ಆದರೆ ಕೆಲಸ ಬೇರೆ. ಒಂದರಲ್ಲಿ ಧ್ವನಿಯನ್ನು ದೇಹದೊಳಕ್ಕೆ ಕಳಿಸುವುದಷ್ಟೇ ಉದ್ದೇಶ. ಇನ್ನೊಂದರಲ್ಲಿ ಕಳಿಸಿದ ಧ್ವನಿ ಹಿಂತಿರುಗಿ ಬರುವುದನ್ನು ಕೇಳಿಸಿಕೊಳ್ಳಬೇಕು. ‘ಕೊಡುವುದು’ ಮತ್ತು ‘ಮಾಡಿಸುವುದು’ ಎಂಬ ಎರಡು ಕ್ರಿಯಾಪದಗಳಲ್ಲೇ ನಮ್ಮ ಜನ ಈ ವ್ಯತ್ಯಾಸವನ್ನು ಹಿಡಿದಿಟ್ಟಿದ್ದಾರೆ.

ಫಿಜಿಯೋಥೆರಪಿಸ್ಟರು ಹಲವು ದಶಕಗಳಿಂದ ಬಳಸುತ್ತಿರುವುದು ಮೊದಲನೆಯದನ್ನು. ಅದರ ಆವೃತ್ತಿ ಸಾಮಾನ್ಯವಾಗಿ 1 ಅಥವಾ 3 ಮೆಗಾಹರ್ಟ್ಸ್. ತೀವ್ರತೆ ಪ್ರತಿ ಚದರ ಸೆಂಟಿಮೀಟರಿಗೆ 1 ವ್ಯಾಟ್‌ನ ಆಸುಪಾಸು. ಅದು ಅಂಗಾಂಶಗಳನ್ನು ಸ್ವಲ್ಪ ಬಿಸಿ ಮಾಡುತ್ತದೆ. ಅದರಿಂದ ನೋವು ಎಷ್ಟರಮಟ್ಟಿಗೆ ಇಳಿಯುತ್ತದೆ ಎಂಬ ಬಗ್ಗೆ ಸಿಕ್ಕಿರುವ ಪುರಾವೆ ದುರ್ಬಲವಾಗಿದೆ, ಆ ಚರ್ಚೆ ಇಲ್ಲಿ ಬೇಡ. ಈ ಲೇಖನ ಎರಡನೆಯದರ ಬಗ್ಗೆ. ಕಳೆದ ಮೂರು ದಶಕಗಳಲ್ಲಿ ಆಸ್ಟ್ರೇಲಿಯ, ಬ್ರಿಟನ್, ಅಮೆರಿಕ, ನ್ಯೂಜಿಲೆಂಡ್ ಮೊದಲಾದ ದೇಶಗಳ ಫಿಜಿಯೋಥೆರಪಿಸ್ಟರು ಚಿತ್ರ ತೋರಿಸುವ ಅಲ್ಟ್ರಾಸೌಂಡನ್ನೂ ಕೈಗೆತ್ತಿಕೊಂಡಿದ್ದಾರೆ. ಅದರಿಂದ ಏನು ಲಾಭವಾಯಿತು, ಅದನ್ನು ಸರಿಯಾಗಿ ಬಳಸಲು ಅವರು ಏನೇನು ಕಲಿಯಬೇಕಾಗಿದೆ, ನಮ್ಮ ದೇಶದಲ್ಲಿ ಇದು ಏಕೆ ಸುಲಭವಲ್ಲ ಎಂಬುದನ್ನು ನೋಡೋಣ.

ಪ್ರತಿಧ್ವನಿಯಿಂದ ಚಿತ್ರ

ನಮ್ಮ ಕಿವಿಗೆ ಕೇಳುವ ಧ್ವನಿಯ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್. ಅದನ್ನು ದಾಟಿದ್ದು ಶ್ರವಣಾತೀತ ಧ್ವನಿ. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು ಕಂಡುಕೊಂಡರು. ಇದರ ವಿಲೋಮವೂ ನಿಜ: ವಿದ್ಯುತ್ ಕೊಟ್ಟರೆ ಹರಳು ಕಂಪಿಸುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೌಲ್ ಲಾಂಜವೆನ್ ಈ ಗುಣವನ್ನು ಬಳಸಿ ನೀರಿನಡಿಯ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಹೊರಟರು. 1958ರಲ್ಲಿ ಗ್ಲಾಸ್ಗೋದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯೊಳಗಿನ ಗಡ್ಡೆಗಳ ಹಾಗೂ ಭ್ರೂಣದ ಅಲ್ಟ್ರಾಸೌಂಡ್ ಚಿತ್ರಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಚಿತ್ರ ಮೂಡುವ ಬಗೆ ಸರಳ. ಪ್ರೋಬ್ ಎಂಬ ಕೈಯಲ್ಲಿ ಹಿಡಿಯುವ ಭಾಗ ಅತಿ ಚಿಕ್ಕ ಧ್ವನಿ ಮಿಡಿತವೊಂದನ್ನು ಕಳಿಸಿ, ಉಳಿದ ಬಹುಪಾಲು ಸಮಯ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಮೃದು ಅಂಗಾಂಶಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸರಾಸರಿ 1540 ಮೀಟರ್. 4 ಸೆಂಟಿಮೀಟರ್ ಆಳದ ಪೊರೆಯೊಂದಕ್ಕೆ ತಾಗಿದ ಮಿಡಿತ ಹೋಗಿ ಬರುವ ಒಟ್ಟು ದಾರಿ 8 ಸೆಂಟಿಮೀಟರ್. ಅದಕ್ಕೆ ಹಿಡಿಯುವ ಕಾಲ ಸುಮಾರು 52 ಮೈಕ್ರೋಸೆಕೆಂಡ್. ಈ ಕಾಲದಿಂದ ಯಂತ್ರ ಆಳವನ್ನು ಲೆಕ್ಕ ಹಾಕುತ್ತದೆ. ಪ್ರತಿಧ್ವನಿ ಜೋರಾಗಿದ್ದರೆ ಬಿಳಿ ಚುಕ್ಕೆ, ಕ್ಷೀಣವಾಗಿದ್ದರೆ ಬೂದು, ಏನೂ ಬಾರದಿದ್ದರೆ ಕಪ್ಪು. ಇಂಥ ಸಾವಿರಾರು ಚುಕ್ಕೆಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ಜೋಡಿಸಿದಾಗ ಪರದೆಯ ಮೇಲೆ ಚಲಿಸುವ ಚಿತ್ರ ಸಿಗುತ್ತದೆ. ಗಾಳಿ ಮತ್ತು ಚರ್ಮದ ನಡುವಿನ ಗಡಿಯಲ್ಲಿ ಧ್ವನಿ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಪುಟಿಯುವುದರಿಂದ ನಡುವಿನ ಗಾಳಿಯನ್ನು ಹೊರಹಾಕಲು ಜೆಲ್ ಬೇಕು.

ಆವೃತ್ತಿ ಹೆಚ್ಚಿದಂತೆ ತರಂಗದೂರ ಕಡಿಮೆಯಾಗಿ ಸೂಕ್ಷ್ಮ ವಿವರ ಕಾಣುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 0.15 ಮಿಲಿಮೀಟರ್; 3 ಮೆಗಾಹರ್ಟ್ಸ್‌ನಲ್ಲಿ 0.5 ಮಿಲಿಮೀಟರ್. ಆದರೆ ಹೆಚ್ಚು ಆವೃತ್ತಿಯ ಧ್ವನಿ ಬೇಗ ಹೀರಲ್ಪಡುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಚರ್ಮದ ಹತ್ತಿರವಿರುವ ಭುಜದ ಸ್ನಾಯುರಜ್ಜು, ಹಿಮ್ಮಡಿಯ ರಜ್ಜುಗಳಿಗೆ ಹೆಚ್ಚಿನ ಆವೃತ್ತಿ. ಸೊಂಟದ ಆಳದ ಸ್ನಾಯು, ಮೂತ್ರಕೋಶಗಳಿಗೆ ಕಡಿಮೆ ಆವೃತ್ತಿ. ಯಾವ ರೋಗಿಗೆ ಯಾವ ಪ್ರೋಬ್ ಎಂಬುದೇ ಕಲಿಯುವವರ ಮೊದಲ ಪಾಠ.

ಎಕ್ಸ್-ರೇ ಮೂಳೆಯನ್ನು ತೋರಿಸುತ್ತದೆ, ಎಂಆರ್‌ಐ ಎಲ್ಲವನ್ನೂ ತೋರಿಸುತ್ತದೆ. ಆದರೆ ಸಾಮಾನ್ಯ ಎಂಆರ್‌ಐಯಲ್ಲಿ ರೋಗಿ ಅಲುಗಾಡದೆ ಮಲಗಿರಬೇಕು. ಫಿಜಿಯೋಥೆರಪಿಸ್ಟರಿಗೆ ಬೇಕಾದ್ದು ಚಲನೆ. ಸ್ನಾಯು ಬಿಗಿಯಾದಾಗ ದಪ್ಪವಾಗುತ್ತಿದೆಯೇ, ಎಡ ಬಲ ಸಮವಾಗಿವೆಯೇ, ವ್ಯಾಯಾಮ ಮಾಡುವಾಗ ಬೇಕಾದ ಸ್ನಾಯುವೇ ಕೆಲಸ ಮಾಡುತ್ತಿದೆಯೇ? ಈ ಪ್ರಶ್ನೆಗಳಿಗೆ ಅಲ್ಟ್ರಾಸೌಂಡ್ ರೋಗಿಯ ಕಣ್ಣೆದುರಿಗೇ, ವಿಕಿರಣದ ಹಂಗಿಲ್ಲದೆ ಉತ್ತರ ಕೊಡುತ್ತದೆ.

ಬೆನ್ನಿನ ಒಂದು ಸಣ್ಣ ಸ್ನಾಯುವಿನ ಕಥೆ

ಸ್ನಾಯುವನ್ನು ಅಲ್ಟ್ರಾಸೌಂಡಿನಿಂದ ಅಳೆಯುವ ಕೆಲಸ ಹೊಸದಲ್ಲ. 1968ರಲ್ಲಿ ಜಪಾನಿನ ಇಕಾಯ್ ಮತ್ತು ಫುಕುನಾಗ ತೋಳಿನ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಹೀಗೆ ಅಳೆದು, ಚದರ ಸೆಂಟಿಮೀಟರಿಗೆ ಎಷ್ಟು ಬಲ ಎಂಬುದನ್ನು ಲೆಕ್ಕ ಹಾಕಿದರು. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಆರ್ಚಿ ಯಂಗ್ ಮತ್ತು ಸಂಗಡಿಗರು ತೊಡೆಯ ಮುಂಭಾಗದ ಸ್ನಾಯುವನ್ನು ಸ್ಕ್ಯಾನ್ ಮಾಡಿ ಒಂದು ಮುಖ್ಯ ಸಂಗತಿ ಹೇಳಿದರು. ಮಂಡಿಗೆ ಪೆಟ್ಟಾದವರ ತೊಡೆ ಎಷ್ಟು ಸೊರಗಿದೆ ಎಂದು ನೋಡಲು ಟೇಪಿನಿಂದ ಸುತ್ತಳತೆ ತೆಗೆಯುವುದು ಆಗಿನ ರೂಢಿ. ಈಗಲೂ ಹಲವು ಕಡೆ ಅದೇ ರೂಢಿ. ಆದರೆ ಟೇಪು ಚರ್ಮ, ಕೊಬ್ಬು, ಹಿಂಭಾಗದ ಸ್ನಾಯು ಎಲ್ಲವನ್ನೂ ಸೇರಿಸಿ ಅಳೆಯುತ್ತದೆ. ಹೀಗಾಗಿ ಮುಂಭಾಗದ ಸ್ನಾಯು ನಿಜಕ್ಕೂ ಎಷ್ಟು ಸೊರಗಿದೆಯೋ ಅದಕ್ಕಿಂತ ಕಡಿಮೆಯೇ ಟೇಪಿಗೆ ಕಾಣುತ್ತದೆ.

ಫಿಜಿಯೋಥೆರಪಿಸ್ಟರ ಗಮನವನ್ನು ಸ್ಕ್ಯಾನರಿನತ್ತ ನಿಜವಾಗಿ ತಿರುಗಿಸಿದ್ದು ಆಸ್ಟ್ರೇಲಿಯದ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೆಲಸ. ಬೆನ್ನುಮೂಳೆಯ ಎರಡೂ ಬದಿಗೆ, ಕಶೇರುಕಗಳಿಗೆ ಅಂಟಿಕೊಂಡಂತೆ ಮಲ್ಟಿಫಿಡಸ್ ಎಂಬ ಆಳದ ಸ್ನಾಯುವಿದೆ. ಕಶೇರುಕಗಳನ್ನು ಒಂದರ ಮೇಲೊಂದು ಭದ್ರವಾಗಿ ಹಿಡಿದಿಡುವುದರಲ್ಲಿ ಅದರ ಪಾತ್ರ ದೊಡ್ಡದು. ಜೂಲಿ ಹೈಡ್ಸ್ ಮತ್ತು ಸಂಗಡಿಗರು ಹೊಸದಾಗಿ ಒಂದೇ ಬದಿಗೆ ಸೊಂಟನೋವು ಬಂದಿದ್ದ 26 ಮಂದಿಯನ್ನೂ ನೋವಿಲ್ಲದ 51 ಮಂದಿಯನ್ನೂ ಸ್ಕ್ಯಾನ್ ಮಾಡಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿಲ್ಲದವರಲ್ಲಿ ಎಡ ಬಲಗಳ ವ್ಯತ್ಯಾಸ ಸರಾಸರಿ ಶೇಕಡ 3. ನೋವಿದ್ದವರಲ್ಲಿ ಶೇಕಡ 31. ಸ್ನಾಯು ಸೊರಗಿದ್ದು ನೋವಿದ್ದ ಬದಿಯಲ್ಲೇ, ಅದೂ ನಿರ್ದಿಷ್ಟ ಕಶೇರುಕದ ಮಟ್ಟದಲ್ಲೇ. ನೋವು ಶುರುವಾಗಿ ಕೆಲವೇ ದಿನ, ವಾರಗಳಾಗಿದ್ದವರಲ್ಲೂ ಹೀಗಾಗಿತ್ತು.

1996ರಲ್ಲಿ ಬಂದ ಮುಂದಿನ ಅಧ್ಯಯನ ಇನ್ನೂ ಕುತೂಹಲಕರ. ಮೊದಲ ಬಾರಿ ಸೊಂಟನೋವು ಬಂದ 39 ಮಂದಿಯಲ್ಲಿ ಒಂದು ಗುಂಪಿಗೆ ಸಾಮಾನ್ಯ ವೈದ್ಯಕೀಯ ಉಪಚಾರ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಈ ಸ್ನಾಯುವಿಗೆಂದೇ ರೂಪಿಸಿದ ವ್ಯಾಯಾಮ. ವ್ಯಾಯಾಮ ಮಾಡುವಾಗ ರೋಗಿ ಪರದೆಯ ಮೇಲೆ ತನ್ನ ಸ್ನಾಯು ಬಿಗಿಯುವುದನ್ನು ನೋಡಿ ತಿದ್ದಿಕೊಳ್ಳಬಹುದಿತ್ತು. ನಾಲ್ಕು ವಾರಗಳಲ್ಲಿ ಎರಡೂ ಗುಂಪಿನ ಬಹುತೇಕರ ನೋವು ಹೋಯಿತು. ಆದರೆ ಸ್ನಾಯು ಮೊದಲಿನ ಗಾತ್ರಕ್ಕೆ ಮರಳಿದ್ದು ವ್ಯಾಯಾಮ ಮಾಡಿದವರಲ್ಲಿ ಮಾತ್ರ. ಉಳಿದವರು ನೋವಿಲ್ಲದೆ ದಿನದ ಕೆಲಸಕ್ಕೆ ಮರಳಿದ್ದರೂ ಹತ್ತನೆಯ ವಾರದಲ್ಲೂ ಸ್ನಾಯು ಸೊರಗಿಯೇ ಇತ್ತು. ಅವರನ್ನು ಮುಂದೆಯೂ ವಿಚಾರಿಸಿಕೊಂಡಾಗ, ಒಂದು ವರ್ಷದೊಳಗೆ ಸೊಂಟನೋವು ಮರುಕಳಿಸಿದ್ದು ವ್ಯಾಯಾಮದ ಗುಂಪಿನಲ್ಲಿ ಶೇಕಡ 30 ಮಂದಿಗೆ, ಇನ್ನೊಂದರಲ್ಲಿ ಶೇಕಡ 84 ಮಂದಿಗೆ ಎಂದು 2001ರ ವರದಿ ಹೇಳಿತು.

ನೋವು ಹೋದರೆ ಗುಣವಾಯಿತು ಎಂದು ರೋಗಿಯೂ ವೈದ್ಯರೂ ನಂಬುತ್ತಾರೆ. ಹಾಗಲ್ಲದಿರಬಹುದು ಎಂದು ಕೈಯಿಂದ ಮುಟ್ಟಿ ತಿಳಿಯಲಾಗದ ಸ್ನಾಯುವೊಂದನ್ನು ತೋರಿಸಿ ಹೇಳಿದ್ದು ಈ ಚಿತ್ರಗಳು. ಇದು ಸಣ್ಣ ಗುಂಪಿನ ಅಧ್ಯಯನ ಎಂಬುದನ್ನೂ ಮರೆಯಬಾರದು. ಮುಂದೆ ದೀರ್ಘಕಾಲದ ಸೊಂಟನೋವಿನ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2016ರ ಕಾಕ್ರೇನ್ ಸಮೀಕ್ಷೆಗೆ, ಇಂಥ ಆಳದ ಸ್ನಾಯುಗಳ ವ್ಯಾಯಾಮ ಬೇರೆ ಬಗೆಯ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಷ್ಟು ಮೇಲೆಂದು ಕಾಣಲಿಲ್ಲ. ಅಂದರೆ ಪರದೆಯ ಮೇಲೆ ಸ್ನಾಯು ಚೆನ್ನಾಗಿ ಕಾಣುವುದೂ ರೋಗಿ ಚೆನ್ನಾಗಿರುವುದೂ ಯಾವಾಗಲೂ ಒಂದೇ ಅಲ್ಲ.

ಇನ್ನೆರಡು ಕಡೆ

ಹೆರಿಗೆಯ ನಂತರ, ಮುಟ್ಟು ನಿಂತ ನಂತರ ಕೆಮ್ಮಿದರೆ ಸೀನಿದರೆ ಮೂತ್ರ ಜಿನುಗುವ ತೊಂದರೆ ಅನೇಕ ಹೆಂಗಸರಿಗಿದೆ, ಹೇಳಿಕೊಳ್ಳುವವರು ಕಡಿಮೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಆತು ಹಿಡಿಯುವ ಶ್ರೋಣಿತಳದ ಸ್ನಾಯುಗಳನ್ನು ಬಲಪಡಿಸುವುದು ಇದಕ್ಕೆ ಮೊದಲ ಚಿಕಿತ್ಸೆ. ತೊಡಕೆಂದರೆ ಆ ಸ್ನಾಯುಗಳು ಹೊರಗೆ ಕಾಣುವುದಿಲ್ಲ. ‘ಒಳಕ್ಕೆ ಮೇಲಕ್ಕೆ ಎಳೆದುಕೊಳ್ಳಿ’ ಎಂದರೆ ಕೆಲವರು ಉಸಿರು ಕಟ್ಟಿ ಕೆಳಕ್ಕೆ ಮುಕ್ಕುತ್ತಾರೆ. ಹಾಗೆ ಮಾಡಿದರೆ ತೊಂದರೆ ಹೆಚ್ಚಬಹುದು. ಮೂತ್ರಕೋಶ ತುಂಬಿರುವಾಗ ಕಿಬ್ಬೊಟ್ಟೆಯ ಮೇಲೆ ಪ್ರೋಬ್ ಇಟ್ಟರೆ ಮೂತ್ರ ಕಪ್ಪಾಗಿಯೂ ಅದರ ತಳ ಬಿಳಿಗೆರೆಯಾಗಿಯೂ ಕಾಣುತ್ತದೆ. ಸರಿಯಾಗಿ ಬಿಗಿದರೆ ಗೆರೆ ಮೇಲೇಳುತ್ತದೆ, ಮುಕ್ಕಿದರೆ ಕೆಳಗಿಳಿಯುತ್ತದೆ. ಬಟ್ಟೆ ಪೂರ್ತಿ ತೆಗೆಯದೆ, ಒಳಪರೀಕ್ಷೆಯ ಮುಜುಗರವಿಲ್ಲದೆ, ಆ ಹೆಂಗಸೇ ತನ್ನ ತಪ್ಪು ಸರಿಗಳನ್ನು ನೋಡಿ ಕಲಿಯಬಹುದು. ಸ್ಕ್ಯಾನರಿನ ಇಷ್ಟೂ ಬಳಕೆಗಳಲ್ಲಿ ನನಗೆ ಅತ್ಯಂತ ಅರ್ಥಪೂರ್ಣವೆನಿಸುವುದು ಇದೇ.

ಇನ್ನೊಂದು ತೀವ್ರನಿಗಾ ಘಟಕ. ಎದೆಯ ಎಕ್ಸ್-ರೇಯಲ್ಲಿ ಶ್ವಾಸಕೋಶದ ಕೆಳಭಾಗ ಬಿಳಿಯಾಗಿ ಕಂಡಿತೆನ್ನಿ. ಕಫ ಕಟ್ಟಿ ಶ್ವಾಸಕೋಶ ಕುಸಿದಿರಬಹುದು, ಅಥವಾ ಅದರ ಹೊರಗೆ ನೀರು ತುಂಬಿರಬಹುದು. ಕುಸಿದಿದ್ದರೆ ಫಿಜಿಯೋಥೆರಪಿಸ್ಟರು ಕಫ ಸಡಿಲಿಸಿ ಹೊರತೆಗೆದು ನೆರವಾಗಬಲ್ಲರು. ನೀರಿದ್ದರೆ ಆ ಶ್ರಮವೆಲ್ಲ ವ್ಯರ್ಥ, ಅದಾಗಲೇ ಬಸವಳಿದ ರೋಗಿಗೆ ಇನ್ನಷ್ಟು ಆಯಾಸ. ಎಕ್ಸ್-ರೇಯಲ್ಲಿ ಎರಡೂ ಬಿಳಿಯೇ. ಅಲ್ಟ್ರಾಸೌಂಡಿನಲ್ಲಿ ನೀರು ಸಾಮಾನ್ಯವಾಗಿ ಕಪ್ಪು, ಗಾಳಿ ಕಳೆದುಕೊಂಡ ಶ್ವಾಸಕೋಶ ಯಕೃತ್ತಿನಂತೆ ಬೂದು. ಕೃತಕ ಉಸಿರಾಟದ ಯಂತ್ರದಲ್ಲಿರುವವರ ವಪೆ ಕೆಲಸವಿಲ್ಲದೆ ಬೇಗ ಸೊರಗುತ್ತದೆ. ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟು ಅದರ ದಪ್ಪವನ್ನೂ ಅಳೆಯಬಹುದು. ಬ್ರಿಟನ್ನಿನಲ್ಲಿ ಇಂಟೆನ್ಸಿವ್ ಕೇರ್ ಸೊಸೈಟಿಯ ಶ್ವಾಸಕೋಶ ಸ್ಕ್ಯಾನಿಂಗ್ ತರಬೇತಿಯನ್ನು ವೈದ್ಯರ ಜೊತೆಗೆ ಫಿಜಿಯೋಥೆರಪಿಸ್ಟರೂ ಪಡೆಯುತ್ತಿದ್ದಾರೆ.

ಚಿತ್ರ ದಾರಿ ತಪ್ಪಿಸುವಾಗ

ಎಕ್ಸ್-ರೇ ತೆಗೆಯುವವರು ಒಬ್ಬರು, ಓದುವವರು ಇನ್ನೊಬ್ಬರು ಆಗಬಹುದು. ಅಲ್ಟ್ರಾಸೌಂಡಿನಲ್ಲಿ ಚಿತ್ರ ಹುಟ್ಟುವುದೇ ಪ್ರೋಬ್ ಹಿಡಿದವರ ಕೈಯಲ್ಲಿ. ಅವರು ನೋಡದೆ ಬಿಟ್ಟ ಜಾಗವನ್ನು ಆಮೇಲೆ ಬೇರೆ ಯಾರೂ ನೋಡಲಾರರು. ಆದ್ದರಿಂದ ಇಲ್ಲಿ ತರಬೇತಿಯ ಪ್ರಶ್ನೆ ಇಷ್ಟು ದೊಡ್ಡದು.

ಕೆಲವು ಉದಾಹರಣೆ ನೋಡಿ. ಸ್ನಾಯುರಜ್ಜುವಿನ ಎಳೆಗಳು ಅಕ್ಕಪಕ್ಕ ಒತ್ತಾಗಿ ಜೋಡಿಸಿದ ನೂಲಿನಂತಿರುತ್ತವೆ. ಧ್ವನಿ ಅವುಗಳಿಗೆ ನೆಟ್ಟಗೆ ಬಿದ್ದರೆ ನೆಟ್ಟಗೆ ಮರಳಿ ರಜ್ಜು ಬೆಳ್ಳಗೆ ಕಾಣುತ್ತದೆ. ಪ್ರೋಬ್ ಐದಾರು ಡಿಗ್ರಿ ಓರೆಯಾದರೆ ಸಾಕು, ಪ್ರತಿಧ್ವನಿ ಬೇರೆ ದಿಕ್ಕಿಗೆ ಹೋಗಿ ಅದೇ ರಜ್ಜು ಕಪ್ಪಾಗುತ್ತದೆ. ರಜ್ಜು ಹರಿದಾಗಲೂ ಆ ಜಾಗ ಕಪ್ಪಾಗಿಯೇ ಕಾಣುತ್ತದೆ! ಭುಜದಲ್ಲಿ ರಜ್ಜು ಬಾಗಿ ಮೂಳೆಗೆ ಸೇರುವ ಕಡೆ ಈ ಭ್ರಮೆ ಸಾಮಾನ್ಯ. ಬಲ್ಲವರು ಪ್ರೋಬನ್ನು ಹಿಂದೆ ಮುಂದೆ ತೂಗಿ ನೋಡುತ್ತಾರೆ. ಕಪ್ಪು ಮಾಯವಾದರೆ ಅದು ಹರಿತವಲ್ಲ.

ಅಳತೆಯಲ್ಲೂ ಎಡವಬಹುದು. ಪ್ರೋಬನ್ನು ತುಸು ಒತ್ತಿ ಹಿಡಿದರೆ ಸ್ನಾಯು ಚಪ್ಪಟೆಯಾಗಿ ತೆಳುವಾಗಿ ಕಾಣುತ್ತದೆ. ಮೊದಲ ವಾರ ಒತ್ತಿ ಅಳೆದು, ಆರನೆಯ ವಾರ ಹಗುರವಾಗಿ ಅಳೆದರೆ ಏನೂ ಆಗದಿದ್ದರೂ ‘ಸ್ನಾಯು ಬೆಳೆದಿದೆ’ ಎಂಬ ವರದಿ ಸಿದ್ಧ. ಸೊರಗಿದ ಸ್ನಾಯುವಿನಲ್ಲಿ ಕೊಬ್ಬು ಸೇರಿಕೊಂಡು ಅಂಚು ಮಸುಕಾಗುವುದರಿಂದ, ಅಳತೆ ಯಾರಿಗೆ ಹೆಚ್ಚು ಅಗತ್ಯವೋ ಅವರಲ್ಲೇ ಅದು ಹೆಚ್ಚು ಕಷ್ಟ.

ಎಲ್ಲಕ್ಕಿಂತ ದೊಡ್ಡ ಬಲೆ, ಕಂಡದ್ದೆಲ್ಲ ಕಾಯಿಲೆ ಎಂದುಕೊಳ್ಳುವುದು. 1999ರಲ್ಲಿ ಜರ್ಮನಿಯಲ್ಲಿ ಭುಜದ ನೋವೇ ಇಲ್ಲದ 411 ಮಂದಿಯನ್ನು ಸ್ಕ್ಯಾನ್ ಮಾಡಿದಾಗ ಶೇಕಡ 23 ಮಂದಿಯಲ್ಲಿ ಭುಜದ ರಜ್ಜು ಹರಿದಿರುವುದು ಕಂಡಿತು. 80 ದಾಟಿದವರಲ್ಲಿ ಇದು ಅರ್ಧಕ್ಕೂ ಹೆಚ್ಚು. 2011ರ ಇನ್ನೊಂದು ವರದಿಯಲ್ಲಿ 40ರಿಂದ 70ರ ವಯಸ್ಸಿನ, ನೋವಿಲ್ಲದ 51 ಗಂಡಸರ ಪೈಕಿ ಶೇಕಡ 96 ಮಂದಿಯ ಭುಜದಲ್ಲಿ ಏನಾದರೊಂದು ವ್ಯತ್ಯಯ ಇತ್ತು. ಕೂದಲು ನರೆತಂತೆ ರಜ್ಜುವೂ ಸವೆಯುತ್ತದೆ. ಇದನ್ನು ತಿಳಿಯದವರ ಕೈಗೆ ಸ್ಕ್ಯಾನರ್ ಸಿಕ್ಕರೆ, ನಾಲ್ಕು ವಾರದ ವ್ಯಾಯಾಮದಲ್ಲಿ ಹೋಗುತ್ತಿದ್ದ ನೋವು ‘ಭುಜ ಹರಿದಿದೆ’ ಎಂಬ ಹೆದರಿಕೆಯಾಗಿ ಬದಲಾಗುತ್ತದೆ. ಹೆದರಿದ ರೋಗಿ ಕೈ ಎತ್ತುವುದನ್ನೇ ಬಿಟ್ಟು, ಭುಜ ಇನ್ನಷ್ಟು ಬಿಗಿಯುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಮೀನಖಂಡ ನೋವೆಂದು ಬಂದವರಲ್ಲಿ ಸ್ನಾಯು ಹರಿದಿದೆಯೇ ಎಂದು ಹುಡುಕುವ ಕಣ್ಣು, ಪಕ್ಕದಲ್ಲೇ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕಾಣದೆ ಹೋಗಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ಆರೋಗ್ಯವಂತ ಅಭಿಧಮನಿ ಪ್ರೋಬಿನಿಂದ ಒತ್ತಿದರೆ ಅಪ್ಪಚ್ಚಿಯಾಗುತ್ತದೆ, ಹೆಪ್ಪುಗಟ್ಟಿದ್ದು ಆಗುವುದಿಲ್ಲ. ಇದು ಸುಲಭ ಪರೀಕ್ಷೆಯಂತೆ ಕಂಡರೂ ಎಲ್ಲಿ, ಎಷ್ಟು ಕಡೆ ಒತ್ತಬೇಕು ಎಂಬುದನ್ನು ಕಲಿಯದವರು ‘ಏನೂ ಇಲ್ಲ’ ಎಂದುಬಿಟ್ಟರೆ ನೋಡದಿದ್ದುದಕ್ಕಿಂತ ಕೇಡು. ಮೂತ್ರಕೋಶದ ತಳ ನೋಡುವಾಗ ಗೋಡೆಯಲ್ಲೊಂದು ಗಂಟು ಕಂಡರೆ? ಅದು ಏನೆಂದು ಹೇಳುವುದು ಫಿಜಿಯೋಥೆರಪಿಸ್ಟರ ಕೆಲಸವಲ್ಲ. ಆದರೆ ಕಂಡ ಮೇಲೆ ಸುಮ್ಮನಿರುವಂತೆಯೂ ಇಲ್ಲ. ಯಾರಿಗೆ, ಎಷ್ಟು ಬೇಗ, ಯಾವ ಮಾತಿನಲ್ಲಿ ತಿಳಿಸಬೇಕು ಎಂಬುದೂ ಪಠ್ಯದ ಭಾಗವಾಗಬೇಕು.

ಯಾವ ತರಬೇತಿ?

2006ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲಿ ಈ ಕ್ಷೇತ್ರದ ಸಂಶೋಧಕರು ಸಭೆ ಸೇರಿದರು. ಅಮೆರಿಕದ ಸೇನೆ ಮತ್ತು ಬೇಲರ್ ವಿಶ್ವವಿದ್ಯಾಲಯಗಳ ಜಂಟಿ ಫಿಜಿಯೋಥೆರಪಿ ಶಿಕ್ಷಣ ವಿಭಾಗ ಇದನ್ನು ಏರ್ಪಡಿಸಿತ್ತು. ರೋಗ ಪತ್ತೆಗಾಗಿ ಸ್ಕ್ಯಾನ್ ಮಾಡುವುದು ಬೇರೆ, ಸ್ನಾಯುವಿನ ಆಕಾರ ಮತ್ತು ವರ್ತನೆಯನ್ನು ನೋಡಿ ವ್ಯಾಯಾಮವನ್ನು ತಿದ್ದಲು ಸ್ಕ್ಯಾನ್ ಮಾಡುವುದು ಬೇರೆ ಎಂದು ಅಲ್ಲಿ ಗೆರೆ ಎಳೆದು, ಎರಡನೆಯದಕ್ಕೆ ‘ಪುನಶ್ಚೇತನದ ಅಲ್ಟ್ರಾಸೌಂಡ್ ಬಿಂಬಗ್ರಹಣ’ ಎಂಬ ಅರ್ಥ ಕೊಡುವ ಹೆಸರಿಟ್ಟರು. ಕ್ಷ-ಕಿರಣ ತಜ್ಞರೊಡನೆ ಗಡಿತಕರಾರು ಬಾರದಿರಲಿ ಎಂಬ ವಿವೇಕವೂ ಇದರಲ್ಲಿ ಇದ್ದೀತು.

ಆದರೆ ಗೆರೆ ಎಳೆದಲ್ಲೇ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ಫಿಜಿಯೋಥೆರಪಿಸ್ಟರು 1990ರ ದಶಕದಿಂದಲೇ ಕೀಲುಗಳಿಗೆ ಚುಚ್ಚುಮದ್ದು ಕೊಡುತ್ತ ಬಂದಿದ್ದಾರೆ. ಸೂಜಿಯ ಮೊನೆ ಎಲ್ಲಿದೆ ಎಂದು ನೋಡಲು ಕೆಲವರು ಸ್ಕ್ಯಾನರ್ ಬಳಸತೊಡಗಿದರು. ಕೆಲವರು ರೋಗ ಪತ್ತೆಯ ಸ್ಕ್ಯಾನಿಂಗನ್ನೂ ಕಲಿತರು. 2019ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಬರೆದ ಲೇಖನವೊಂದು ಫಿಜಿಯೋಥೆರಪಿಯಲ್ಲಿ ಅಲ್ಟ್ರಾಸೌಂಡಿನ ಬಳಕೆಯನ್ನು ರೋಗಪತ್ತೆ, ಪುನಶ್ಚೇತನ, ಸೂಜಿ ಮೊದಲಾದವಕ್ಕೆ ದಾರಿ ತೋರುವುದು, ಸಂಶೋಧನೆ ಎಂದು ನಾಲ್ಕಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಯಾವ ಸಾಮರ್ಥ್ಯ ಬೇಕೆಂದು ಚರ್ಚಿಸಿತು.

ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಫಿಜಿಯೋಥೆರಪಿಸ್ಟರನ್ನೇ ಕೇಳಿ ಸಮೀಕ್ಷೆಗಳು ನಡೆದಿವೆ. ಮತ್ತೆ ಮತ್ತೆ ಬರುವ ದೂರು ಎರಡು: ಕಲಿಯಲು ವ್ಯವಸ್ಥಿತ ಅವಕಾಶವಿಲ್ಲ, ಯಂತ್ರ ಕೈಗೆ ಸಿಗುವುದಿಲ್ಲ. ಎರಡನೆಯ ದೂರು ಈಗ ಬೇಗ ಕರಗುತ್ತಿದೆ. ಫೋನಿಗೆ ಜೋಡಿಸುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸ್ಕ್ಯಾನರೊಂದು 2018ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 2,000 ಡಾಲರಿಗೆ ಒಂದು ಡಾಲರ್ ಕಡಿಮೆ. ಅದಕ್ಕೆ ಮೊದಲು ಇಂಥ ಯಂತ್ರಕ್ಕೆ ಇದರ ಎಷ್ಟೋ ಪಟ್ಟು ತೆರಬೇಕಿತ್ತು. ಯಂತ್ರ ಅಗ್ಗವಾಯಿತು, ತರಬೇತಿ ಆಗಲಿಲ್ಲ. ಏಕೆಂದರೆ ತರಬೇತಿಯಲ್ಲಿ ದುಬಾರಿಯಾದದ್ದು ಪುಸ್ತಕವಲ್ಲ, ಪಕ್ಕದಲ್ಲಿ ನಿಂತು ಕೈ ತಿದ್ದುವ ಗುರುವಿನ ಸಮಯ. ವಾರಾಂತ್ಯದ ಎರಡು ದಿನದ ಶಿಬಿರದಲ್ಲಿ ಗುಂಡಿಗಳ ಪರಿಚಯವಾಗಬಹುದು. ಶಿಬಿರದಲ್ಲಿ ಸ್ಕ್ಯಾನ್ ಮಾಡುವುದು ಹೆಚ್ಚಾಗಿ ಆರೋಗ್ಯವಂತ ಸಹಪಾಠಿಗಳನ್ನು. ರೋಗ ಹೇಗೆ ಕಾಣುತ್ತದೆ ಎಂಬುದು ತಿಂಗಳುಗಟ್ಟಲೆ ರೋಗಿಗಳನ್ನು ನೋಡಿದ ಮೇಲೆ, ತಾನು ಕಂಡದ್ದನ್ನು ಅನುಭವಿಯೊಬ್ಬರು ಕಂಡದ್ದರ ಜೊತೆ ಹೋಲಿಸಿದ ಮೇಲೆ ತಿಳಿಯುವಂಥದು.

ಬ್ರಿಟನ್ನಿನಲ್ಲಿ ಸೋನೋಗ್ರಫಿ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಒಕ್ಕೂಟವೊಂದಿದೆ. ಅದರ ಮಾನ್ಯತೆ ಪಡೆದ ಸ್ನಾತಕೋತ್ತರ ಸರ್ಟಿಫಿಕೇಟ್ ಕೋರ್ಸುಗಳಿಗೆ ಫಿಜಿಯೋಥೆರಪಿಸ್ಟರೂ ಸೇರಬಹುದು. ಆಸ್ಪತ್ರೆಯಲ್ಲಿ ಮೇಲ್ವಿಚಾರಕರ ಎದುರು ಮಾಡಿದ ಸ್ಕ್ಯಾನ್‌ಗಳ ದಾಖಲೆ ಇಟ್ಟು, ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ವಿಚಿತ್ರವೆಂದರೆ ಆ ದೇಶದಲ್ಲಿ ‘ಫಿಜಿಯೋಥೆರಪಿಸ್ಟ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ‘ಸೋನೋಗ್ರಾಫರ್’ ಎಂಬುದಕ್ಕೆ ಇಲ್ಲ. ಈ ಸಡಿಲಿನಿಂದ ಗೊಂದಲವಾಗದಿರಲೆಂದು ಅಲ್ಲಿನವರು ಇತ್ತೀಚಿನ ವರ್ಷಗಳಲ್ಲಿ ಮೂರು ಕಾಲಿನ ಚೌಕಟ್ಟೊಂದನ್ನು ಮುಂದಿಟ್ಟಿದ್ದಾರೆ. ನಾನು ಸ್ಕ್ಯಾನರಿನಿಂದ ಯಾವ ಪ್ರಶ್ನೆಗೆ ಮಾತ್ರ ಉತ್ತರ ಹುಡುಕುತ್ತೇನೆ? ಆ ಪ್ರಶ್ನೆಗೆ ತಕ್ಕ ತರಬೇತಿ ನನಗಿದೆಯೇ? ನನ್ನ ಕೆಲಸವನ್ನು ಪರಿಶೀಲಿಸುವವರು, ವಿಮೆ, ದಾಖಲೆಯ ಏರ್ಪಾಡು ಇದೆಯೇ? ಮೂರೂ ಒಂದಕ್ಕೊಂದು ಹೊಂದಬೇಕು. ಮಲ್ಟಿಫಿಡಸ್ ಬಿಗಿಯುತ್ತಿದೆಯೇ ಎಂದಷ್ಟೇ ನೋಡುವವರು ಇಡೀ ರೋಗಪತ್ತೆ ವಿದ್ಯೆಯನ್ನು ಕಲಿಯಬೇಕಿಲ್ಲ. ಆದರೆ ಭುಜದ ರಜ್ಜು ಹರಿದಿದೆ ಎಂದು ಬರೆದುಕೊಡುವವರು ಕಲಿಯಲೇಬೇಕು. ಈ ಹಂಚಿಕೆ ನನಗೆ ಸರಿಯೆನಿಸುತ್ತದೆ, ಒಂದು ಷರತ್ತಿನ ಮೇಲೆ: ಚಿಕ್ಕ ಪ್ರಶ್ನೆ ಕೇಳುವವರಿಗೂ ಸಹಜ ಚಿತ್ರ ಹೇಗಿರುತ್ತದೆ ಎಂಬುದು ಗಟ್ಟಿಯಾಗಿ ತಿಳಿದಿರಬೇಕು. ಅಸಹಜವನ್ನು ಹೆಸರಿಸಲಾಗದಿದ್ದರೂ ಗುರುತಿಸುವುದಕ್ಕೆ ಅಷ್ಟು ಬೇಕೇ ಬೇಕು.

ನಮ್ಮಲ್ಲಿ

ಭಾರತದಲ್ಲಿ ಈ ಚರ್ಚೆ ತರಬೇತಿಗಿಂತ ಮುಂಚೆ ಕಾನೂನಿನ ಬಾಗಿಲಲ್ಲೇ ನಿಲ್ಲುತ್ತದೆ. ಹೆಣ್ಣುಭ್ರೂಣ ಹತ್ಯೆಯನ್ನು ತಡೆಯಲು 1994ರಲ್ಲಿ ಅಂಗೀಕಾರವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದ, 2003ರಲ್ಲಿ ಬಿಗಿಯಾದ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯಿದೆ ನಿಮಗೆ ಗೊತ್ತಿದೆ. ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲಿನ ಫಲಕ ನೋಡಿಯೇ ಇರುತ್ತೀರಿ. ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರ ಜನಗಣತಿಯಲ್ಲಿ 927ಕ್ಕೆ ಇಳಿದಿತ್ತು. ಈ ಕಾಯಿದೆ ಭ್ರೂಣದ ಲಿಂಗ ಪತ್ತೆಮಾಡಬಲ್ಲ ಯಾವುದೇ ಯಂತ್ರವನ್ನು ನೋಂದಣಿಯಿಲ್ಲದವರಿಗೆ ಮಾರುವುದನ್ನು ನಿಷೇಧಿಸುತ್ತದೆ. ನೋಂದಾಯಿತ ಕೇಂದ್ರದಲ್ಲಿ ಅದನ್ನು ಬಳಸುವ ಅರ್ಹತೆ ಸ್ತ್ರೀರೋಗ ತಜ್ಞರು, ಬಿಂಬಗ್ರಹಣ ತಜ್ಞರು, ನಿಗದಿತ ತರಬೇತಿ ಪಡೆದ ನೋಂದಾಯಿತ ವೈದ್ಯರಿಗೆ ಮಾತ್ರ. ಫಿಜಿಯೋಥೆರಪಿಸ್ಟರು ಈ ಪಟ್ಟಿಯಲ್ಲಿಲ್ಲ. ಒಯ್ಯಬಲ್ಲ ಚಿಕ್ಕ ಯಂತ್ರಗಳ ಮೇಲೆ 2012ರ ನಿಯಮಗಳು ಇನ್ನಷ್ಟು ಕಟ್ಟುಪಾಡು ಹಾಕಿದವು. ಹೊರದೇಶದಲ್ಲಿ ಫಿಜಿಯೋಥೆರಪಿಸ್ಟರ ಕಿಸೆಗೆ ಬಂದ ಸಾಧನವೇ ಇಲ್ಲಿ ಅತಿ ಹೆಚ್ಚು ಅನುಮಾನಕ್ಕೆ ಗುರಿಯಾದದ್ದು.

ಚರ್ಮದಿಂದ ಕೆಲವೇ ಸೆಂಟಿಮೀಟರ್ ಆಳ ನೋಡುವ ಪ್ರೋಬ್ ಗರ್ಭಕೋಶದ ತಪಾಸಣೆಗೆ ತಕ್ಕದ್ದಲ್ಲ, ಅದಕ್ಕೆ ವಿನಾಯಿತಿ ಕೊಡಬಾರದೇ ಎಂದು ಕೇಳಬಹುದು. ಆದರೆ ಪ್ರೋಬ್ ಬದಲಿಸಿದರೆ ಅದೇ ಯಂತ್ರ ಆಳವನ್ನೂ ನೋಡುತ್ತದೆ. ಕಾಯಿದೆ ಯಂತ್ರದ ಸಾಮರ್ಥ್ಯವನ್ನು ನೋಡುತ್ತದೆಯೇ ಹೊರತು ಹಿಡಿದವರ ಉದ್ದೇಶವನ್ನಲ್ಲ. ಕಾಯಿದೆಯ ಹಿಂದಿನ ಕಾರಣ ಇನ್ನೂ ಅಳಿದಿಲ್ಲವಾದ್ದರಿಂದ ಸಡಿಲಿಕೆಗೆ ಆತುರಪಡಬಾರದು ಎಂಬುದು ನನ್ನ ಅಭಿಪ್ರಾಯ. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಫಿಜಿಯೋಥೆರಪಿಗೆ ಶಾಸನಬದ್ಧ ಸ್ಥಾನ ಕೊಟ್ಟಿದೆ. ಆದರೆ ಅದು ಸ್ಕ್ಯಾನರಿನ ಬೀಗದ ಕೈಯಲ್ಲ.

ಈಗಿರುವ ಚೌಕಟ್ಟಿನಲ್ಲೇ ಆಗಬಹುದಾದ ಕೆಲಸವಿದೆ. ನೋಂದಾಯಿತ ಆಸ್ಪತ್ರೆಯಲ್ಲಿ ಅರ್ಹ ವೈದ್ಯರು ಪ್ರೋಬ್ ಹಿಡಿದಿರುವಾಗ ಫಿಜಿಯೋಥೆರಪಿಸ್ಟರು ಪಕ್ಕದಲ್ಲಿ ನಿಂತು ರೋಗಿಯಿಂದ ವ್ಯಾಯಾಮ ಮಾಡಿಸಬಹುದು. ಸ್ನಾಯು ಹೇಗೆ ಸ್ಪಂದಿಸುತ್ತದೆ ಎಂದು ಇಬ್ಬರೂ ನೋಡಬಹುದು. ಸ್ಕ್ಯಾನ್ ವರದಿಯಲ್ಲಿ ‘ರಜ್ಜು ಭಾಗಶಃ ಹರಿದಿದೆ’ ಎಂದು ಓದಿದಾಗ ಅದಕ್ಕೂ ರೋಗಿಯ ನೋವಿಗೂ ಸಂಬಂಧವಿದೆಯೇ ಎಂದು ತೂಗುವುದನ್ನು ಕಲಿಯಲು ಯಂತ್ರ ಬೇಡ, ಚಿತ್ರಗಳ ಸಂಗ್ರಹ ಮತ್ತು ಒಳ್ಳೆಯ ಅಧ್ಯಾಪಕರು ಸಾಕು. ರೋಗಿಗಳಾಗಿ ಹೋಗುವ ನೀವೂ ಎರಡು ಪ್ರಶ್ನೆ ಕೇಳಬಹುದು. ಫಿಜಿಯೋಥೆರಪಿ ಕೋಣೆಯಲ್ಲಿ ಅಲ್ಟ್ರಾಸೌಂಡ್ ಎಂದಾಗ, ಇದು ಬಿಸಿ ಕೊಡುವುದೋ ಚಿತ್ರ ತೋರಿಸುವುದೋ? ಚಿತ್ರದಲ್ಲಿ ಏನೋ ಕಂಡಿತೆಂದರೆ, ನನ್ನ ವಯಸ್ಸಿನ ನೋವಿಲ್ಲದವರಲ್ಲೂ ಅದು ಕಾಣುತ್ತದೆಯೇ?